ಅದೇ ಕಾಲು, ಅದೇ ರಸ್ತೆ: ಹಿಂದಿನ ಬ್ರೇಕ್ ಮಾತ್ರ ಯಾಕೆ ಖಾಲಿ?

“ಹ್ಯಾಂಡ್‌ಬ್ರೇಕ್ ಹಾಕ್ಕೊಂಡೇ ಗಾಡಿ ಓಡಿಸಿದೀರ ಯಜಮಾನ್ರೇ. ಹಿಂದಿನ ಪ್ಯಾಡ್ ಪೂರ್ತಿ ಹೋಗಿದೆ.”

ಬಳ್ಳಾರಿ ರಸ್ತೆಯ ಒಂದು ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ನಮ್ಮಲ್ಲೊಬ್ಬರ ಸೋದರಮಾವನಿಗೆ ಸಿಕ್ಕ ಮಾತಿದು. ಮಾವನ ಊರು ದೊಡ್ಡಬಳ್ಳಾಪುರದ ಪಕ್ಕ. ಗೊಬ್ಬರದಂಗಡಿ ಇಟ್ಟುಕೊಂಡಿದ್ದಾರೆ. ವಾರಕ್ಕೆ ಮೂರು ಸಲ ರಾಜಾನುಕುಂಟೆ, ಯಲಹಂಕ, ಹೆಬ್ಬಾಳ ದಾಟಿ ಯಶವಂತಪುರಕ್ಕೆ ಹೋಗಿಬರುತ್ತಾರೆ. ಕಾರಿಗೆ ಆಗ ಎರಡು ವರ್ಷ ತುಂಬಿರಲಿಲ್ಲ, ಓಡಿದ್ದು 24,000 ಕಿಲೋಮೀಟರ್. ಹಿಂದಿನ ಚಕ್ರದಿಂದ ಕಬ್ಬಿಣ ಉಜ್ಜಿದ ಹಾಗೆ ಕರ್ರ್ ಎಂದು ಸದ್ದು ಬಂತೆಂದು ಒಯ್ದರೆ, ಪ್ಯಾಡ್ ಹೋಗಿದೆ, ಡಿಸ್ಕಿಗೂ ಗೀರು ಬಿದ್ದಿದೆ, ಎರಡೂ ಬದಲಿಸಬೇಕು, 11,400 ರೂಪಾಯಿ ಎಂದರು. ವಾರಂಟಿ ಕೇಳಿದರೆ, “ಇದು ಸವೆಯೋ ಭಾಗ, ಬರಲ್ಲ.”

ಮಾವ ದುಡ್ಡು ಕಟ್ಟಿದರು. ಬಿಲ್ಲು ಜೇಬಿಗಿಟ್ಟುಕೊಂಡು ಕಾರು ಹತ್ತಿದ ಮೇಲೆ ಅವರಿಗೆ ಹೊಳೆಯಿತು: ಆ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಲಿವರೇ ಇಲ್ಲ! ಇರುವುದು ಒಂದು ಸ್ವಿಚ್ಚು. ಬೆಲ್ಟ್ ಹಾಕಿ ಆಕ್ಸಿಲರೇಟರ್ ಒತ್ತಿದರೆ ಬ್ರೇಕ್ ತಾನೇ ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಕೆಂಪು ದೀಪ, ಕೀಂ ಕೀಂ ಸದ್ದು. ಅಂಥ ಗಾಡಿಯನ್ನು ಬ್ರೇಕ್ ಹಾಕಿಕೊಂಡೇ 24,000 ಕಿಲೋಮೀಟರ್ ಓಡಿಸಬೇಕಾದರೆ ಬೇರೆಯದೇ ವಿದ್ಯೆ ಬೇಕು.

ಮಾವ ಇಳಿದು ವಾಪಸ್ ಹೋದರು. “ಬಿಚ್ಚಿದ ಹಳೇ ಪ್ಯಾಡ್ ಕೊಡಪ್ಪ” ಎಂದರು. ಗುಜರಿಗೆ ಹೋಯ್ತು ಅಂದರು ಮೊದಲು. ಮಾವ ಕೂತೇ ಇದ್ದರು. ಅರ್ಧ ಗಂಟೆ ಆದ ಮೇಲೆ ಒಂದು ರಟ್ಟಿನ ಡಬ್ಬದಲ್ಲಿ ನಾಲ್ಕು ಪ್ಯಾಡ್ ಬಂದವು. ಬಲ ಚಕ್ರದ ಎರಡೂ ಅರ್ಧಕ್ಕಿಂತ ಹೆಚ್ಚು ದಪ್ಪ ಉಳಿದಿದ್ದವು. ಎಡ ಚಕ್ರದ ಹೊರಗಿನದೂ ಹಾಗೇ ಇತ್ತು. ಎಡ ಚಕ್ರದ ಒಳಗಿನದು ಮಾತ್ರ ಬರೀ ಕಬ್ಬಿಣದ ತಗಡು.

ನಾಲ್ಕರಲ್ಲಿ ಒಂದು. ಅದನ್ನು ಚಾಲಕನ ಕಾಲು ಸವೆಸಿತು ಎಂದು ಹೇಳಲು ಯಾವ ಮುಖ ಬೇಕು?

ಪ್ಯಾಡ್ ಸವೆಯುವುದಕ್ಕೇ ಇರುವ ವಸ್ತು, ಅದನ್ನು ನಾವು ಒಪ್ಪುತ್ತೇವೆ. ಎತ್ತಿನ ಲಾಳವೂ ಸವೆಯುತ್ತದೆ. ಆದರೆ ಒಂದು ಕಾಲಿನ ಲಾಳ ಮಾತ್ರ ಬೇಗ ಸವೆದಿದ್ದರೆ ಲಾಳ ಕಟ್ಟುವವನು ಆ ಕಾಲನ್ನು ಎತ್ತಿ ನೋಡುತ್ತಾನೆ, ಗಾಡಿ ಹೊಡೆಯುವವನನ್ನು ಬೈಯುವುದಿಲ್ಲ. “ಸವೆಯೋ ಭಾಗ” ಎಂಬ ಎರಡು ಪದವನ್ನು ಪ್ರಶ್ನೆಯ ಬಾಗಿಲು ಹಾಕುವುದಕ್ಕೆ ಬಳಸುತ್ತಿದ್ದಾರೆ, ನಮ್ಮ ತಕರಾರು ಅದು. ಸವೆದದ್ದು ಪ್ಯಾಡ್. ಸವೆಸಿದ್ದು ಯಾವುದು?

ಇದಕ್ಕೆ ಇಂಜಿನಿಯರಿಂಗ್ ಓದಬೇಕಿಲ್ಲ. ಬಸ್ಸಿಗೆ ಬ್ರೇಕ್ ಬಿದ್ದಾಗ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರಲ್ಲ, ಕಾರಿನ ಭಾರವೂ ಹಾಗೇ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಜೋರಾಗಿ ನಿಲ್ಲಿಸುವಾಗ ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದೇ. ಅದಕ್ಕೇ ಹಳೆಯ ಕಾರುಗಳಲ್ಲಿ ಮುಂದಿನ ಪ್ಯಾಡ್ ಎರಡು ಸಲ ಬದಲಾದರೂ ಹಿಂದಿನ ಡ್ರಮ್ಮಿನೊಳಗಿನ ಶೂ ಹಾಗೇ ಇರುತ್ತಿತ್ತು. ಶೂ ಸವೆದರೂ ನಮ್ಮ ಊರಿನ ಮೇಸ್ತ್ರಿ ಹೊಸ ಲೈನರ್ ಹೊಡೆದು ಕೊಡುತ್ತಿದ್ದ.

ಈಗ “ನಾಲ್ಕೂ ಚಕ್ರಕ್ಕೆ ಡಿಸ್ಕ್” ಎಂದು ಜಾಹೀರಾತು. ಡಿಸ್ಕ್ ಒಳ್ಳೆಯದೇ, ಬೇಗ ತಣ್ಣಗಾಗುತ್ತದೆ, ನೀರು ಬಿದ್ದರೂ ಬೇಗ ಒಣಗುತ್ತದೆ. ಆದರೆ ಡ್ರಮ್ಮಿನ ಹಾಗೆ ಮುಚ್ಚಿಕೊಂಡಿಲ್ಲ. ಪ್ಯಾಡ್ ಹಿಡಿಯುವ ಕ್ಯಾಲಿಪರ್ ಎರಡು ಸಣ್ಣ ಪಿನ್ನುಗಳ ಮೇಲೆ ಅತ್ತಿತ್ತ ಜಾರಬೇಕು. ಮುಂದಿನ ಚಕ್ರ ಎರಚುವ ಕೆಸರು, ಮರಳು, ದೂಳೆಲ್ಲ ಹಿಂದಿನದಕ್ಕೇ ಬಡಿಯುತ್ತದೆ. ಪಿನ್ನಿನ ರಬ್ಬರ್ ಹರಿದು ನೀರು ಹೋದರೆ, ಅಥವಾ ಕಾರ್ಖಾನೆಯಲ್ಲೇ ಗ್ರೀಸ್ ಸಾಲದೆ ಬಂದಿದ್ದರೆ ಪಿನ್ ಕಚ್ಚಿಕೊಳ್ಳುತ್ತದೆ. ಆಗ ಬ್ರೇಕ್ ಒತ್ತಿದಾಗ ಒಳಗಿನ ಪ್ಯಾಡ್ ಮಾತ್ರ ಉಜ್ಜುತ್ತದೆ, ಕಾಲು ತೆಗೆದ ಮೇಲೂ ಅಂಟಿಕೊಂಡೇ ಇರುತ್ತದೆ. ಮಾವನ ಕಾರಿನಲ್ಲಿ ಆಗಿದ್ದು ಇದೇ.

ಒಂದೇ ಚಕ್ರದಲ್ಲಿ ಒಳಗೊಂದು ಹೊರಗೊಂದು ದಪ್ಪ ಇದ್ದರೆ ಪಿನ್ ನೋಡಿಸಬೇಕು. ಎಡಬಲ ವ್ಯತ್ಯಾಸ ಬಂದರೆ ಕ್ಯಾಲಿಪರಿನ ಪಿಸ್ಟನ್, ಹ್ಯಾಂಡ್‌ಬ್ರೇಕಿನ ಕೇಬಲ್ ಅಥವಾ ಮೋಟರ್ ಪೂರ್ತಿ ಬಿಟ್ಟುಕೊಳ್ಳುತ್ತಿದೆಯೇ ಎಂದು ನೋಡಿಸಬೇಕು. ಪಿನ್ನು, ಪಿಸ್ಟನ್ನು, ಮೋಟರು ಪ್ಯಾಡಿನ ಹಾಗೆ ಸವೆದು ಮುಗಿಯಲೆಂದು ಇಟ್ಟ ಭಾಗಗಳಲ್ಲ. ವಾರಂಟಿ ಅವಧಿಯಲ್ಲಿ ಅವು ಕಚ್ಚಿಕೊಂಡರೆ ಅದು ದೋಷ. ದೋಷದಿಂದ ಹಾಳಾದ ಪ್ಯಾಡಿನ ದುಡ್ಡು ಮಾವ ಯಾಕೆ ಕಟ್ಟಬೇಕು?

ನಾಲ್ಕೂ ಸಮನಾಗಿ ಸವೆದಿದ್ದರೆ? ಆರ್.ಟಿ. ನಗರದಲ್ಲಿ ನಮಗೆ ಪರಿಚಯದ ಒಂದು ಮನೆಯ ಕಾರು ಹಾಗೇ. 28,000 ಕಿಲೋಮೀಟರಿಗೆ ಹಿಂದಿನವು ನಾಲ್ಕೂ ಒಟ್ಟಿಗೆ ಮುಗಿದವು, ಮುಂದಿನವು ಅರ್ಧ ಉಳಿದಿದ್ದವು. ಸರ್ವಿಸ್ ಸೆಂಟರಿನವರು ಮೊದಲು ಮೇಖ್ರಿ ಸರ್ಕಲ್ ಟ್ರಾಫಿಕ್ಕಿನ ಮೇಲೆ ಹಾಕಿದರು. ಟ್ರಾಫಿಕ್ಕಿನಲ್ಲಿ ಮುಂದಿನ ಚಕ್ರ ಓಡುವುದಿಲ್ಲವೇನು? ಇನ್ನೊಂದು ಸಲ ಕೇಳಿದ್ದಕ್ಕೆ, “ಈ ಮಾಡೆಲಲ್ಲಿ ಹಿಂದಿನದೇ ಮೊದ್ಲು ಹೋಗೋದು ಸಾರ್” ಎಂದು ಬಾಯಿಬಿಟ್ಟರು.

ಆ ಮಾತು ನಿಜವಿರಲೂಬಹುದು. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಅದರ ಜೊತೆಗೆ, ಯಾವ ಚಕ್ರಕ್ಕೆ ಎಷ್ಟು ಬ್ರೇಕ್ ಎಂದು ಹಂಚುವ ಕೆಲಸ ಕಂಪ್ಯೂಟರಿಗೆ ಹೋಯಿತು. ಕಾರಿನ ಮೂಗು ಕುಸಿಯದೆ ನಯವಾಗಿ ನಿಲ್ಲಲೆಂದು, ಹಗುರವಾಗಿ ಒತ್ತಿದಾಗ ಹಿಂದಿನ ಚಕ್ರಕ್ಕೆ ಹೆಚ್ಚು ಪಾಲು ಕೊಡುವಂತೆ ಕೆಲವು ಕಾರುಗಳಲ್ಲಿ ಹೊಂದಿಸಿರುತ್ತಾರೆ. ಹಿಂದಿನ ಪ್ಯಾಡ್ ಮುಂದಿನದಕ್ಕಿಂತ ಚಿಕ್ಕದು, ತೆಳು. ಹೆಬ್ಬಾಳದ ಮೇಲ್ಸೇತುವೆ ಹತ್ತುವಾಗ ನಾವೆಲ್ಲ ಒತ್ತುವುದು ಹಗುರ ಬ್ರೇಕನ್ನೇ, ಅದೂ ಹತ್ತು ಮಾರಿಗೊಮ್ಮೆ. ಲೆಕ್ಕ ಹಿಂದಿನ ಚಕ್ರದ ಮೇಲೆ ಬೀಳುತ್ತದೆ.

ಸರಿ, ವಿನ್ಯಾಸವೇ ಹಾಗೆ ಎನ್ನೋಣ. ಅದನ್ನು ಮಾರುವ ದಿನ ಯಾಕೆ ಹೇಳಲಿಲ್ಲ? ಸನ್‌ರೂಫ್ ತೆಗೆದು ತೋರಿಸಿದವರು, ಟಚ್‌ಸ್ಕ್ರೀನ್ ಎಷ್ಟು ಇಂಚು ಎಂದು ಹೇಳಿದವರು, ಹಿಂದಿನ ಪ್ಯಾಡ್ ಎರಡು ವರ್ಷಕ್ಕೆ ಮುಗಿಯುತ್ತದೆ ಎಂದು ಒಂದು ಸಾಲು ಹೇಳಬಹುದಿತ್ತು. ಕಾರಿನಲ್ಲಿ ದೋಷ ಇದ್ದರೆ ಸರಿ ಮಾಡಿಕೊಡಲಿ. ವಿನ್ಯಾಸವೇ ಹಾಗಿದ್ದರೆ ಮೊದಲೇ ತಿಳಿಸಲಿ. ಎರಡರಲ್ಲಿ ಯಾವುದಾದರೂ ಬೈಗುಳ ಚಾಲಕನಿಗೆ ಬರಬಾರದು.

ಇದು ಹಳ್ಳಿಯವರ ಹಟ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 2008ರಿಂದ 2010ರ ಹೋಂಡಾ ಅಕಾರ್ಡ್ ಕಾರುಗಳ ಮಾಲೀಕರು ಇದೇ ತಕರಾರು ಹಿಡಿದು, ಹಿಂದಿನ ಪ್ಯಾಡ್ ಅಕಾಲದಲ್ಲಿ ಸವೆಯುತ್ತಿದೆ ಎಂದು ಒಟ್ಟಾಗಿ ಕೋರ್ಟಿಗೆ ಹೋದರು. 2010ರಲ್ಲಿ ರಾಜಿಯಾಯಿತು. ಪ್ಯಾಡ್ ಬದಲಿಸಿದವರಿಗೆ ಖರ್ಚಿನ ಒಂದು ಪಾಲು ವಾಪಸ್ ಬಂತು. ಅಲ್ಲೂ ಪ್ಯಾಡ್ ಸವೆಯುವ ಭಾಗವೇ ಆಗಿತ್ತು. ವ್ಯತ್ಯಾಸ ಎಂದರೆ ಅವರು ಒಬ್ಬೊಬ್ಬರೇ ದುಡ್ಡು ಕಟ್ಟಿ ಸುಮ್ಮನೆ ಮನೆಗೆ ಹೋಗಲಿಲ್ಲ.

ನಾವು ಹೋಗುತ್ತೇವೆ. ಅದರ ನಷ್ಟ ಬರೀ 11,400 ಅಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ 110ಎ ಎಂಬ ಕಲಂ ಬಂದಿದೆ: ಅಪಾಯ ತರುವ ದೋಷದ ಬಗ್ಗೆ ನಿಗದಿತ ಪ್ರಮಾಣದ ಮಾಲೀಕರಿಂದ ದೂರು ಬಂದರೆ, ಆ ಮಾದರಿಯ ವಾಹನಗಳನ್ನು ವಾಪಸ್ ಕರೆಸಿ ಎಂದು ಕೇಂದ್ರ ಸರ್ಕಾರ ಕಂಪನಿಗೆ ಆದೇಶಿಸಬಹುದು. ದೂರು ಕೊಡಲು ವಾಹನ್ ಜಾಲತಾಣದಲ್ಲೇ ಜಾಗ ಇದೆ. ದೂರು ಕೊಡದ ಕಾರು ಆ ಎಣಿಕೆಗೆ ಬರುವುದೇ ಇಲ್ಲ.

ನಮ್ಮ ಕಡೆಯ ತಪ್ಪನ್ನೂ ಹೇಳಿಬಿಡುತ್ತೇವೆ, ಇಲ್ಲದಿದ್ದರೆ ಈ ಜಗಳಕ್ಕೆ ನ್ಯಾಯ ಇರುವುದಿಲ್ಲ. ಲಿವರ್ ಇರುವ ಕಾರನ್ನು ಅರ್ಧ ಹ್ಯಾಂಡ್‌ಬ್ರೇಕಿನಲ್ಲಿ ಓಡಿಸುವವರು ನಮ್ಮಲ್ಲಿ ಇದ್ದಾರೆ. ನಂದಿ ಬೆಟ್ಟದಿಂದ ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವವರೂ ಇದ್ದಾರೆ. ಅದು ಉಳಿತಾಯವಲ್ಲ, ಇಡೀ ಇಳಿಜಾರಿನ ಭಾರ ಬ್ರೇಕಿನ ಮೇಲೆ ಬಿದ್ದು ಕಾದ ಬ್ರೇಕ್ ಹಿಡಿಯದೇ ಹೋಗಬಹುದು. ಎರಡನೇ ಗೇರಿಗೆ ಹಾಕಿ ಇಳಿಯಿರಿ. ಡಿಕ್ಕಿಯಲ್ಲಿ ಐದು ಮೂಟೆ ತುಂಬಿಕೊಂಡು ಹೋದರೆ ಹಿಂದಿನ ಬ್ರೇಕಿಗೆ ಕೆಲಸ ಜಾಸ್ತಿ. ಮಾವನೂ ಎರಡು ಸಲ ಗೊಬ್ಬರ ತುಂಬಿದ್ದಾರೆ, ಅವರೇ ಹೇಳಿದರು. ಆದರೆ ಮೂಟೆಯ ಭಾರ ಎಡ ಚಕ್ರದ ಒಳಗಿನ ಪ್ಯಾಡ್ ಒಂದನ್ನೇ ಹುಡುಕಿಕೊಂಡು ಹೋಗಿ ಕೂರುವುದಿಲ್ಲ.

ಹಾಗಾದರೆ ಮಾಡುವುದೇನು? 10,000 ಕಿಲೋಮೀಟರಿನ ಸರ್ವಿಸಿಗೇ ಶುರುಮಾಡಿ. ಚಕ್ರ ಬಿಚ್ಚಿಸಿ ಎಂಟೂ ಪ್ಯಾಡಿನ ದಪ್ಪ ಮಿಲಿಮೀಟರಿನಲ್ಲಿ ಜಾಬ್ ಕಾರ್ಡಿನ ಮೇಲೆ ಬರೆಸಿ. ಹೊಸದು ಸುಮಾರು 10 ಮಿಲಿಮೀಟರ್ ಇರುತ್ತದೆ, 3ಕ್ಕೆ ಬಂದರೆ ಬದಲಿಸುವ ಹೊತ್ತು. ಅಲಾಯ್ ಚಕ್ರದ ಸಂದಿಯಿಂದ ಇಣುಕಿ ಚೆನ್ನಾಗಿದೆ ಎನ್ನುವವರ ಮಾತು ಬೇಡ, ಅಲ್ಲಿ ಕಾಣುವುದು ಹೊರಗಿನದು ಮಾತ್ರ. ನಡುವೆ ನೀವೇ ಒಂದು ಪರೀಕ್ಷೆ ಮಾಡಬಹುದು. ಬ್ರೇಕ್ ಹೆಚ್ಚು ಬಳಸದೆ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಒಂದೊಂದು ಚಕ್ರದ ಹತ್ತಿರವೂ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಒಲೆಯ ಹಾಗೆ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಸದ್ದು ಬಂದರೆ ದಿನ ತಳ್ಳಬೇಡಿ, ಪ್ಯಾಡ್ ಮುಗಿದು ಕಬ್ಬಿಣ ಉಜ್ಜಿದರೆ ಡಿಸ್ಕೂ ಹೋಗುತ್ತದೆ.

ಪ್ಯಾಡ್ ಬದಲಿಸಿದರೆ ಹಳೆಯವನ್ನು ಎಡ, ಬಲ, ಒಳ, ಹೊರ ಎಂದು ಗುರುತು ಹಾಕಿಸಿಕೊಂಡು ಮನೆಗೆ ತನ್ನಿ, ಫೋಟೋ ತೆಗೆಯಿರಿ. ಪಿನ್ ಕಚ್ಚಿಕೊಂಡಿದ್ದರೆ ಆ ಮಾತನ್ನು ಜಾಬ್ ಕಾರ್ಡಿನಲ್ಲಿ ಬರೆಸಿ. ಬಾಯಿಮಾತಿಗೆ ಬೆಲೆಯಿಲ್ಲ.

ಹೊರಗೆ ಗ್ಯಾರೇಜಿಗೆ ತೋರಿಸಿದರೆ ವಾರಂಟಿ ಹೋಗುತ್ತೆ ಎಂದು ಹೆದರಿಸುತ್ತಾರೆ. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಎಂದು 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ಪೂರ್ತಿ ರದ್ದು ಎನ್ನುವ ಷರತ್ತು ಹಾಕಬಾರದು ಎಂದೂ ಹೇಳಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಕಥೆ. ಒಂದು ಎಚ್ಚರಿಕೆ ನಮ್ಮ ಊರಿನ ಮೇಸ್ತ್ರಿಗಳಿಗೂ ಇದೆ: ಸ್ವಿಚ್ಚಿನ ಹ್ಯಾಂಡ್‌ಬ್ರೇಕ್ ಇರುವ ಕಾರಿನಲ್ಲಿ ಮೊದಲು ಅದನ್ನು ಸರ್ವಿಸ್ ಸ್ಥಿತಿಗೆ ತರಬೇಕು, ಎಷ್ಟೋ ಕಾರುಗಳಿಗೆ ಅದಕ್ಕೆ ಸ್ಕ್ಯಾನರ್ ಬೇಕು. ಪಿಸ್ಟನ್ನನ್ನು ಸುಮ್ಮನೆ ಒತ್ತಿ ಕೂರಿಸಿದರೆ ಮೋಟರು ಮುರಿಯುತ್ತದೆ. ಕೇಬಲ್ ಇರುವ ಎಷ್ಟೋ ಕಾರುಗಳಲ್ಲಿ ಪಿಸ್ಟನ್ನನ್ನು ತಿರುಗಿಸಿಯೇ ಒಳಗೆ ಕಳಿಸಬೇಕು.

ಸರ್ವಿಸ್ ಸೆಂಟರ್ ಕೇಳದಿದ್ದರೆ ಕಂಪನಿಗೆ ಬರೆಯಿರಿ. ಅಲ್ಲೂ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೇ ಮಾತಾಡಬಹುದು. ಅದಾದ ಮೇಲೆ ಜಿಲ್ಲಾ ಗ್ರಾಹಕ ಆಯೋಗ. ಹಿಂದೆ ಎದುರು ಪಕ್ಷದವರು ಇರುವ ಊರಿಗೋ ವ್ಯವಹಾರ ನಡೆದ ಊರಿಗೋ ಹೋಗಿ ದೂರು ಕೊಡಬೇಕಿತ್ತು. 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಶಿಡ್ಲಘಟ್ಟದವರು ಇದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ಹತ್ತು ಲಕ್ಷದವರೆಗೆ 200 ರೂಪಾಯಿ. ಎರಡು ವರ್ಷದೊಳಗೆ ಕೊಡಬೇಕು.

ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯಿಂದ ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುವ ಹುಡುಗರು ಕೇಳುತ್ತಾರೆ: “ನಮ್ದು ಎಲ್ಲೋ ಬೋರ್ಡ್ ಅಣ್ಣಾ, ನಮಗೆ ಗ್ರಾಹಕ ಕಾನೂನು ಬರಲ್ವಂತೆ?” ಬರುತ್ತದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕಾಗಿಯೇ ಕೊಂಡ ಗಾಡಿಯನ್ನು ವಾಣಿಜ್ಯ ಉದ್ದೇಶ ಎಂದು ಎಣಿಸಬಾರದು ಎಂದು ಕಾಯ್ದೆಯ ವಿವರಣೆಯಲ್ಲೇ ಬರೆದಿದೆ. ಒಂದೇ ಗಾಡಿ ಇಟ್ಟುಕೊಂಡು ತಾನೇ ಓಡಿಸುವವನು ಗ್ರಾಹಕನೇ.

ಮಾವ ಎರಡನೇ ಸಲ ಹೋಗಿ ಕೂತಾಗ ಜಾಬ್ ಕಾರ್ಡಿನ ಕೆಳಗೆ “ಎಡ ಹಿಂದಿನ ಪಿನ್ ಜಾಮ್, ಬಿಡಿಸಿ ಗ್ರೀಸ್ ಹಾಕಿದೆ” ಎಂದು ಬರೆಸಿಕೊಂಡೇ ಎದ್ದರು. ದುಡ್ಡು ಇನ್ನೂ ವಾಪಸ್ ಬಂದಿಲ್ಲ, ಕಾಗದ ನಡೆಯುತ್ತಿದೆ. ಕಾರು ಈಗ 32,000 ಓಡಿದೆ. ಅದೇ ಮಾವ, ಅದೇ ಹೆಬ್ಬಾಳ. ಹೋದ ವಾರ ಹಿಂದಿನ ಎರಡೂ ಚಕ್ರ ಬಿಚ್ಚಿಸಿ ಅಳೆಸಿದರು. ಹೊಸದರಲ್ಲಿ 10 ಇತ್ತು, ಈಗ ನಾಲ್ಕೂ 9.