ಊಟ ಹಾಕಿದರೆ ಓಟಿ ಕೊಟ್ಟಂತಲ್ಲ

ನಮ್ಮ ಕೋಲಾರದ ಕಡೆಯ ಹುಡುಗರು ಬೆಂಗಳೂರಿನ ಜೋಗುಪಾಳ್ಯದ ಗಲ್ಲಿಗಳಲ್ಲಿ ನಾಲ್ಕೈದು ಜನ ಸೇರಿ ಒಂದು ರೂಮು ಹಿಡಿಯುತ್ತಾರೆ. ಪಕ್ಕದ ಹಲಸೂರು, ಇಂದಿರಾನಗರದ ಹೋಟೆಲು, ಅಂಗಡಿಗಳಲ್ಲಿ ಕೆಲಸ. ಬೆಳಿಗ್ಗೆ ಹೋದರೆ ಬರುವುದು ರಾತ್ರಿ. ಹಬ್ಬಕ್ಕೆ ಊರಿಗೆ ಬಂದಾಗ ಓಟಿ ಕೊಡ್ತಾರಾ ಅಂತ ಕೇಳಿದರೆ, ಊಟ ಹಾಕ್ತಾರಲ್ಲ ಎಂದು ನಗುತ್ತಾರೆ.

ಊಟ ಬೇರೆ, ಓಟಿ ಬೇರೆ. ಹೋಟೆಲು, ಅಂಗಡಿಗಳಿಗೆ ನಮ್ಮ ರಾಜ್ಯದಲ್ಲಿ 1961ರ ಕಾಯ್ದೆಯೇ ಇದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ದಾಟಿದ ದುಡಿಮೆಗೆ ಎರಡು ಪಟ್ಟು ಕೂಲಿ ಕೊಡಬೇಕು. ಗಂಟೆಗೆ 75 ರೂಪಾಯಿ ಬೀಳುವವರಿಗೆ ಓಟಿ 150. ದಿನಕ್ಕೆ ಎರಡೇ ಗಂಟೆ ಹೆಚ್ಚು ದುಡಿದರೂ 26 ದಿನಕ್ಕೆ 7,800 ರೂಪಾಯಿ. ಇದು ಸಣ್ಣ ದುಡ್ಡಲ್ಲ.

ಸಿಟ್ಟು ಬಂದರೆ ಏನಾಗುತ್ತದೆ ಎಂಬುದನ್ನು ನರಸಾಪುರದಲ್ಲಿ ನೋಡಿದ್ದೇವೆ. ಸಂಬಳ, ಓಟಿ ಸರಿಯಾಗಿ ಬರಲಿಲ್ಲವೆಂದು 2020ರ ಡಿಸೆಂಬರ್ 12ರಂದು ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಗಾಜು ಪುಡಿಯಾಯಿತು. ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಕೊಟ್ಟಿಲ್ಲವೆಂದು ಕೆಲವೇ ದಿನಗಳಲ್ಲಿ ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಅಷ್ಟು ಹೊತ್ತಿಗೆ ನೂರಕ್ಕೂ ಹೆಚ್ಚು ಜನರ ಬಂಧನವಾಗಿತ್ತು. ನ್ಯಾಯ ಕಾರ್ಮಿಕರ ಕಡೆಗಿತ್ತು, ಕೇಸೂ ಅವರ ಮೇಲೆಯೇ ಬಿತ್ತು.

ದಾರಿ ಬೇರೆಯೇ ಇದೆ. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯಂತೆ ಬಾಕಿ ಕೂಲಿ ಕೇಳಲು ಮೂರು ವರ್ಷದವರೆಗೆ ಅವಕಾಶವಿದೆ. ಹಿಂದಿನ ಕಾಯ್ದೆಯಲ್ಲಿ ಒಂದೇ ವರ್ಷವಿತ್ತು. ದುಡ್ಡು ಕೊಟ್ಟಿದ್ದೇವೆ ಎಂದು ಸಾಬೀತು ಮಾಡಬೇಕಾದವರು ಮಾಲೀಕರು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಲೂ ಅಧಿಕಾರವಿದೆ. ಒಬ್ಬರೇ ಹೋಗಲು ಹೆದರಿಕೆಯಾದರೆ ನೋಂದಾಯಿತ ಕಾರ್ಮಿಕ ಸಂಘವೂ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿದರೆ ಯಾವ ಅಧಿಕಾರಿಯ ಬಳಿ ಹೋಗಬೇಕೆಂದು ತಿಳಿಯುತ್ತದೆ.

ಆದರೆ ಎಷ್ಟು ಗಂಟೆ ದುಡಿದೆವು ಎಂಬುದನ್ನು ನಾವೇ ಹೇಳಬೇಕು. ಅಲ್ಲೇ ನಮ್ಮ ಹುಡುಗರು ಸೋಲುವುದು. ಹತ್ತು ರೂಪಾಯಿಯ ನೋಟ್‌ಬುಕ್ಕಿನಲ್ಲಿ ದಿನವೂ ಬಂದ ಹೊತ್ತು, ಹೋದ ಹೊತ್ತು ಬರೆಯಿರಿ. ಡ್ಯೂಟಿಗೆ ಕರೆದ ವಾಟ್ಸಾಪ್ ಮೆಸೇಜು ಅಳಿಸಬೇಡಿ. ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ ಜೋಪಾನವಾಗಿಡಿ.

ಇಲಾಖೆಗೂ ಒಂದು ಮಾತು. ಹಾಜರಿ ಪುಸ್ತಕ ತೆರೆದು ನೋಡಲು ಗಾಜು ಒಡೆಯುವ ತನಕ ಕಾಯಬೇಡಿ. ಅರ್ಜಿ ಕೊಟ್ಟವರ ಕೆಲಸ ಹೋದರೆ ಮುಂದಿನವರು ಅರ್ಜಿ ಕೊಡುವುದಿಲ್ಲ.

ಊರಲ್ಲಿ ಕೂತು ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ಇವತ್ತು ರಾತ್ರಿ ಮಗನೋ ಮಗಳೋ ಫೋನ್ ಮಾಡಿದರೆ ಊಟ ಆಯ್ತಾ ಅಂತ ಕೇಳಿ. ಹಾಗೆಯೇ, ಇವತ್ತಿನ ಗಂಟೆ ಬರೆದಿಟ್ಟೆಯಾ ಅಂತಲೂ ಕೇಳಿ.