ಕಣ್ಣೀರಿನ ನಡುವೆ ಬತ್ತದ ಸಂತೋಷ



ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಮರಣವು ಸಂಭವಿಸಿದಾಗ, ಸಂತೈಸಲು ಬಂದವರ ಬಾಯಿಂದ ಒಂದು ಮಾತು ಹೊರಡುವದುಂಟು: “ಅಳಬೇಡಿರಿ ತಾಯೀ, ನಿತ್ಯಜೀವದ ನಿರೀಕ್ಷೆಯುಳ್ಳವರು ಅಳಬಾರದು.” ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಮಗುವನ್ನು ಮಣ್ಣಿಗೆ ಒಪ್ಪಿಸಿ ಬಂದ ತಾಯಿಗೆ ಆ ಮಾತು ಎರಡನೆಯ ಭಾರವಾಗುವದು. ಮಗುವು ಹೋದ ದುಃಖವೊಂದು. ತನ್ನ ವಿಶ್ವಾಸವು ಸಾಲದೆಂಬ ಅಂಜಿಕೆ ಇನ್ನೊಂದು. ಆದುದರಿಂದ ನಿರೀಕ್ಷೆಯು ಕೊಡುವ ಸಂತೋಷವು ಎಂಥದು, ಅದಕ್ಕೂ ಕಣ್ಣೀರಿಗೂ ಇರುವ ಸಂಬಂಧವೇನು ಎಂಬದನ್ನು ಈ ತಿಂಗಳು ವಿಚಾರಿಸೋಣ.

ಬೇಥಾನ್ಯದಲ್ಲಿ ಲಾಜರನ ಗವಿಯ ಕಡೆಗೆ ನಡೆದಾಗ ಯೇಸುಸ್ವಾಮಿಯು ಮುಂದೆ ಆಗಲಿರುವದನ್ನು ಅರಿತಿದ್ದನು. ಇನ್ನು ತುಸು ಹೊತ್ತಿನಲ್ಲಿ ಸತ್ತವನು ಎದ್ದು ಬರುವವನಾಗಿದ್ದನು. ಆದರೂ ಮರಿಯಳ ರೋದನವನ್ನು ಕಂಡು ಆತನೂ ಅತ್ತನು. ಪುನರುತ್ಥಾನದ ಕರ್ತನೇ ಅತ್ತ ಮೇಲೆ ನಮ್ಮ ಕಣ್ಣೀರು ಅವಿಶ್ವಾಸದ ಗುರುತು ಹೇಗಾದೀತು? ಪೌಲನು ಥೆಸಲೊನೀಕದ ಸಭೆಗೆ ಬರೆಯುವಾಗಲೂ ದುಃಖಕ್ಕೆ ಬಾಗಿಲನ್ನು ಮುಚ್ಚಲಿಲ್ಲ. ನಿರೀಕ್ಷೆಯಿಲ್ಲದವರ ದುಃಖಕ್ಕೂ ವಿಶ್ವಾಸಿಗಳ ದುಃಖಕ್ಕೂ ಭೇದವುಂಟೆಂದು ತೋರಿಸಿದನು. ಅವನು ಸೆರೆಯಲ್ಲಿದ್ದು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯಲ್ಲಿ ಸಂತೋಷದ ಮಾತು ಮರಳಿ ಮರಳಿ ಬರುವದು. ಅದೇ ಪತ್ರಿಕೆಯಲ್ಲಿ, ಎಪಫ್ರೊದೀತನು ರೋಗದಿಂದ ಸತ್ತಿದ್ದರೆ ತನ್ನ ದುಃಖವು ಇಮ್ಮಡಿಯಾಗುತ್ತಿತ್ತೆಂದೂ ಅವನು ಒಪ್ಪಿಕೊಂಡಿದ್ದಾನೆ. ಒಂದೇ ಹೃದಯದಲ್ಲಿ ಎರಡಕ್ಕೂ ಸ್ಥಳವಿತ್ತು.

ನಮ್ಮ ಸೀಮೆಯ ಎರೆಹೊಲಗಳನ್ನು ನೋಡಿದವರಿಗೆ ಇದು ವಿಚಿತ್ರವಾಗಿ ತೋರದು. ಮಳೆಗಾಲವು ಮುಗಿದು ಮೇಲ್ಮಣ್ಣು ಒಣಗಿ ಬಿರಿದಿದ್ದರೂ, ಒಳಗೆ ಉಳಿದ ಹಸಿಯಿಂದಲೇ ಹಿಂಗಾರಿ ಜೋಳವು ತೆನೆಯೊಡೆಯುವದು. ಬಿರುಕೂ ನಿಜ, ಹಸಿಯೂ ನಿಜ. ಕ್ರಿಸ್ತನಲ್ಲಿರುವ ಸಂತೋಷವು ಮುಖದ ಮೇಲಿನ ನಗೆಯಲ್ಲ. ಅದು ಬೇರಿಗೆ ದೊರೆಯುವ ಹಸಿ.

ಇನ್ನು ಬೇರೊಂದು ತಪ್ಪು ತಿಳುವಳಿಕೆಯುಂಟು. ಪರಲೋಕವನ್ನು ನಂಬುವವರು ಇಹಲೋಕದ ಕೆಲಸದಲ್ಲಿ ಉದಾಸೀನರಾಗುವರೆಂದು ಕೆಲವರು ಆಕ್ಷೇಪಿಸುವರು. ನಮ್ಮ ಊರುಗಳ ಚರಿತ್ರೆಯು ಇದಕ್ಕೆ ಉತ್ತರ ಕೊಡುವದು. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆನಿಂತರು. ನಿತ್ಯಜೀವವನ್ನು ಸಾರಬಂದ ಅವರು ಶಾಲೆಗಳನ್ನು ತೆರೆದರು. ಮುಂದೆ ಗದಗ-ಬೆಟಗೇರಿಯಲ್ಲಿ ಅವರ ಮಿಷನ್ ಆಸ್ಪತ್ರೆಯೂ ಎದ್ದಿತು. ಜನರು ಅದನ್ನು ‘ಜರ್ಮನ್ ಆಸ್ಪತ್ರೆ’ಯೆಂದು ಕರೆದರು. ಪರಲೋಕದ ನಿರೀಕ್ಷೆಯು ಅವರ ಕೈಗಳನ್ನು ಕಟ್ಟಿಹಾಕಲಿಲ್ಲ.

ಇದೇ ಮಿಷನ್ನಿನಿಂದ 1853ರಲ್ಲಿ ಹಿಂದೂಸ್ಥಾನಕ್ಕೆ ಬಂದವರು ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್‌ರವರು. ಅವರ ಹೆಸರಿನ ಕಾಲೇಜು ಧಾರವಾಡದಲ್ಲಿದೆ. 1860ರಲ್ಲಿ ಅವರಿಗೆ ವಿವಾಹವಾಯಿತು. ಕೆಲವೇ ವರ್ಷಗಳೊಳಗೆ ಪತ್ನಿ ಪೌಲಿನರವರು ತೀರಿಹೋದರು. ಆ ವಿಯೋಗದ ರಾತ್ರಿಗಳನ್ನು ಅವರು ಹೇಗೆ ಕಳೆದರೆಂಬದು ದೇವರಿಗೆ ಗೊತ್ತು. ನಮ್ಮ ಕಣ್ಣಿಗೆ ಕಾಣುವದು ಇಷ್ಟೇ: ಅವರು ಕನ್ನಡದ ಸೇವೆಯನ್ನು ಬಿಡಲಿಲ್ಲ. ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ತಮ್ಮದಲ್ಲದ ನುಡಿಯ ಒಂದೊಂದು ಶಬ್ದವನ್ನು ಇಷ್ಟು ತಾಳ್ಮೆಯಿಂದ ಕೂಡಿಸಿದ ಮನುಷ್ಯನನ್ನು ಲೋಕದ ಬಗ್ಗೆ ಉದಾಸೀನನೆಂದು ಯಾರು ಹೇಳಬಲ್ಲರು? ಕರ್ತನಲ್ಲಿ ಮಾಡಿದ ಪ್ರಯಾಸವು ವ್ಯರ್ಥವಾಗದೆಂದು ನಂಬಿದವನು, ಫಲವನ್ನು ತಾನು ಕಾಣುವ ಮೊದಲೇ ಬಿತ್ತಬಲ್ಲನು.

ಈಸ್ಟರ್ ದಿನದ ನಸುಕಿನಲ್ಲಿ ಅನೇಕ ಸಭೆಗಳವರು ಸ್ಮಶಾನದಲ್ಲಿ ಕೂಡಿ ಹಾಡುವ ವಾಡಿಕೆಯುಂಟು. 1732ರಲ್ಲಿ ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನ ಮೊರೇವಿಯನ್ ಸಭೆಯವರು ಹೀಗೆ ತಮ್ಮ ಸಮಾಧಿಗಳ ನಡುವೆ ಸೂರ್ಯೋದಯವನ್ನು ಎದುರುಗೊಂಡರು. ಅಲ್ಲಿಯ ಹಾಡು ಸಮಾಧಿಗಳಿಲ್ಲವೆಂದು ನಟಿಸುವದಿಲ್ಲ; ಅವುಗಳ ಎದುರಿನಲ್ಲಿಯೇ ಹಾಡುವದು. ನಮ್ಮ ಸಂತೋಷದ ಸ್ವರೂಪವು ಇದೇ.

ಆದುದರಿಂದ ಸಹೋದರ ಸಹೋದರಿಯರೇ, ದುಃಖದ ಮನೆಗೆ ಹೋದಾಗ ಉಪದೇಶಕ್ಕೆ ಅವಸರಪಡಬೇಡಿರಿ. ಅಳುವವರ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಒಲೆ ಹೊತ್ತದ ಮನೆಗೆ ರೊಟ್ಟಿ ಪಲ್ಯ ಒಯ್ಯಿರಿ. ಅಲ್ಲಿಯ ಚಿಕ್ಕ ಮಕ್ಕಳನ್ನು ನಿಮ್ಮ ಮನೆಗೆ ಕರೆತಂದು ಉಣಿಸಿ ಮಲಗಿಸಿರಿ. ಬಂಧುಗಳೆಲ್ಲ ಹಿಂತಿರುಗಿ ಹೋಗಿ ಮನೆಯು ಬರಿದಾದ ತಿಂಗಳೊಪ್ಪತ್ತಿನ ಮೇಲೆ ಮತ್ತೊಮ್ಮೆ ಹೋಗಿರಿ. ಆಗ ತೀರಿಹೋದವರ ಹೆಸರನ್ನು ಅಂಜದೆ ಎತ್ತಿರಿ. ಯಾಕಂದರೆ ಕ್ರಿಸ್ತನಲ್ಲಿ ನಿದ್ರೆಹೋದವರು ನಮಗೆ ಇಲ್ಲದವರಲ್ಲ, ಮುಂದಾಗಿ ಹೋದವರು. ನಿತ್ಯಜೀವದ ವಾಗ್ದಾನವನ್ನು ಆ ಹೊತ್ತಿನಲ್ಲಿ ಮೆಲ್ಲನೆ ಓದಿದರೆ, ಅದು ಗದರಿಕೆಯಾಗಿ ಕೇಳಿಸದೆ ರೊಟ್ಟಿಯಂತೆಯೇ ಆಹಾರವಾಗುವದು.

ದುಃಖದಲ್ಲಿರುವ ತಾಯಂದಿರೇ, ನೀವು ಅತ್ತುಬಿಡಿರಿ. ಕಣ್ಣೀರನ್ನು ಒರಸುವ ದಿನವೊಂದುಂಟೆಂದು ನಮಗೆ ಮಾತು ಕೊಟ್ಟಿರುವ ದೇವರು, ಒರಸುವದಕ್ಕೆ ಮೊದಲು ಅವುಗಳನ್ನು ಕಂಡೇ ಇದ್ದಾನೆ.