ಉತ್ತರ ಕೊಡುವ ಬೊಂಬೆ

ಬೊಂಬೆಯೊಡನೆ ಮಾತನಾಡದ ಮಗುವನ್ನು ನಾವು ಕಂಡಿಲ್ಲ. ಆದರೆ ಮರದ ಬೊಂಬೆಯು ಆಡುವ ಮಾತೆಲ್ಲವೂ ಮಗುವಿನದೇ. ಇದು ಮಗುವಿಗೂ ತಿಳಿದಿರುವುದು. ಬೊಂಬೆಯು ತಾನಾಗಿ ಉತ್ತರವಿತ್ತು, ಹೆಸರು ಹಿಡಿದು ಕರೆಯತೊಡಗಿದರೆ ಮಗುವು ಅದರಿಂದ ಏನನ್ನು ನಿರೀಕ್ಷಿಸೀತು? ಮಾತನಾಡುವ ಯಂತ್ರಮಾನವರು ಬೆಲೆಗೆ ದೊರೆಯುತ್ತಿರುವ ಈ ಕಾಲದಲ್ಲಿ ವಾಚಕ ಮಹಾಶಯರು ಯೋಚಿಸತಕ್ಕ ವಿಷಯವಿದು.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೀಟರ್ ಕಾನ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ 2012ರಲ್ಲಿ ಒಂದು ಪರೀಕ್ಷೆಯ ವೃತ್ತಾಂತವನ್ನು ಪ್ರಕಟಿಸಿದರು. 9, 12 ಮತ್ತು 15 ವರ್ಷ ವಯಸ್ಸಿನ 90 ಮಕ್ಕಳು ಒಬ್ಬೊಬ್ಬರಾಗಿ, ರೋಬೋವಿ ಎಂಬ ಜಪಾನೀ ಯಂತ್ರದೊಡನೆ 15 ನಿಮಿಷ ಕಾಲ ಮಾತನಾಡಿದರು, ಆಟವಾಡಿದರು. ಆಟದ ನಡುವೆ ಪರೀಕ್ಷಕರು ಬಂದು ಯಂತ್ರವನ್ನು ಸಾಮಾನಿನ ಕತ್ತಲೆ ಗೂಡಿಗೆ ಹೊರಡಿಸಿದರು. ಇದು ನ್ಯಾಯವಲ್ಲವೆಂದೂ ಅಲ್ಲಿ ಒಬ್ಬಂಟಿಯಾಗಿರಲು ತನಗೆ ಹೆದರಿಕೆಯೆಂದೂ ಯಂತ್ರವು ಮೊರೆಯಿಟ್ಟಿತು.

ಬಳಿಕ ವಿಚಾರಿಸಲಾಗಿ ಹೆಚ್ಚು ಮಂದಿ ಮಕ್ಕಳು ಅದಕ್ಕೆ ಬುದ್ಧಿಯುಂಟು, ಸುಖದುಃಖಗಳುಂಟು, ಅದನ್ನು ನಂಬಿ ಗುಟ್ಟನ್ನು ಹೇಳಬಹುದು ಎಂದರು. ಆದರೆ ಅದನ್ನು ಕೊಳ್ಳುವುದೂ ಮಾರುವುದೂ ತಪ್ಪೆಂದು ಅವರಿಗೆ ತೋರಲಿಲ್ಲ. ಅದಕ್ಕೆ ಸಂಬಳವಾಗಲಿ ಮತಾಧಿಕಾರವಾಗಲಿ ಸಲ್ಲಬೇಕೆಂದೂ ಅವರು ಎಣಿಸಲಿಲ್ಲ! ನಮ್ಮ ಶಾಸ್ತ್ರಕಾರರು ಚೇತನ, ಜಡ ಎಂದು ಎರಡೇ ಪಂಗಡಗಳನ್ನು ಮಾಡಿದರು. ಈ ಮಕ್ಕಳು ನಡುವೆ ಮೂರನೆಯದೊಂದನ್ನು ಕಲ್ಪಿಸಿಕೊಂಡಂತಿದೆ. ಇದಕ್ಕೆ ನಗುವುದು ಬೇಡ. ಆಯುಧಪೂಜೆಯ ದಿನ ಮೋಟಾರಿಗೆ ಕುಂಕುಮವಿಟ್ಟು ಹೂವೇರಿಸುವವರು ನಾವು. ಕನ್ನಡದಲ್ಲಿ ಯಂತ್ರವೂ 'ಅದು', ಮಗುವೂ 'ಅದು'.

ಆದರೆ ರೋಬೋವಿಯ ಆ ಮೊರೆ ರೋಬೋವಿಯದಾಗಿರಲಿಲ್ಲ. ಬೇರೆ ಕೋಣೆಯಲ್ಲಿ ಮರೆಯಾಗಿ ಕುಳಿತಿದ್ದ ಮನುಷ್ಯರು ಅದನ್ನು ನಡೆಸುತ್ತಿದ್ದರು. ತೊಗಲುಬೊಂಬೆಯಾಟದಲ್ಲಿಯೂ ಪರದೆಯ ಹಿಂದೆ ಸೂತ್ರಧಾರನುಂಟು. ಆದರೆ ಅವನಿರುವುದು ಅಂಗಳದ ಕೂಸಿಗೂ ಗೊತ್ತು.

ಮನೆಗೆ ಬರುವ ಯಂತ್ರಕ್ಕೆ ಸೂತ್ರಧಾರರು ಯಾರು? ಕ್ಯಾಲಿಫೋರ್ನಿಯದ ಎಂಬಾಡೀಡ್ ಎಂಬ ಕಂಪೆನಿಯು 5ರಿಂದ 10 ವರ್ಷದ ಮಕ್ಕಳಿಗಾಗಿ ಮಾಕ್ಸಿ ಎಂಬ ಸಂಗಾತಿಯನ್ನು 799 ಡಾಲರಿಗೆ ಮಾರುತ್ತಿದ್ದಿತು. ಅದರ ಮಾತಿನ ಮೂಲವಿದ್ದುದು ಬೊಂಬೆಯೊಳಗಲ್ಲ, ದೂರದ ಗಣಕಯಂತ್ರಗಳಲ್ಲಿ. 2024ರ ಡಿಸೆಂಬರಿನಲ್ಲಿ ಹಣ ಸಾಲದೆ ಕಂಪೆನಿ ಮುಚ್ಚುವುದೆಂದೂ ಮಾಕ್ಸಿಯು ಇನ್ನು ಉತ್ತರ ಕೊಡಲಾರದೆಂದೂ ಪ್ರಕಟಣೆ ಹೊರಟಿತು. ಈ ಸುದ್ದಿಯನ್ನು ಮಕ್ಕಳಿಗೆ ತಿಳಿಸುವ ಬಗೆ ಹೇಗೆಂದು ಕಂಪೆನಿಯವರೇ ತಂದೆತಾಯಿಗಳಿಗೆ ಒಂದು ಓಲೆಯನ್ನೂ ಒದಗಿಸಿದರು. ಮುಂದೆ, ಕೊಂಡವರು ತಾವೇ ಅದನ್ನು ನಡೆಸಿಕೊಳ್ಳುವ ದಾರಿಯನ್ನು ಹುಡುಕುವ ಯತ್ನವೂ ನಡೆಯಿತೆನ್ನಿ.

ಉಪಾಧ್ಯಾಯರಿಗೆ ವರ್ಗವಾದ ದಿನ ಮಕ್ಕಳು ಅಳುವುದನ್ನು ನಾವು ಕಂಡಿದ್ದೇವೆ. ಆದರೆ ಹೊಸ ಊರಿನಿಂದ ಅವರು ಕಾಗದ ಬರೆಯಬಲ್ಲರು. ಮಕ್ಕಳಿಗೂ ಅದು ಗೊತ್ತು. ಮಾಕ್ಸಿಯ ಮಾತು ಎಲ್ಲಿಂದ ಬರುತ್ತದೆ, ಯಾರ ಹಣದಿಂದ ನಡೆಯುತ್ತದೆ ಎಂಬುದನ್ನು ಐದು ವರ್ಷದ ಕೂಸಿಗೂ ಹೇಳಬಹುದಾಗಿತ್ತು. ಆ ಓಲೆಯು ಕೊನೆಯ ದಿನದ ಬದಲು ಪೆಟ್ಟಿಗೆ ಬಿಚ್ಚಿದ ದಿನವೇ ಬರಬೇಕಾಗಿತ್ತು.